ಸರ್ಕಾರದ ಕಣ್ಣು, ಪಕ್ಕದ ಮನೆಯ ಕಣ್ಣು: 2020ರ ಕರ್ನಾಟಕದಲ್ಲಿ ಕೋವಿಡ್ ಸಂಪರ್ಕ ಪತ್ತೆ ಮತ್ತು ಜನರ ಅಳುಕು

2020ರ ಜುಲೈ ಕೊನೆಯ ವಾರದಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಆಯುಕ್ತರು ಒಂದು ಅಂಕಿಯನ್ನು ಹೊರಗಿಟ್ಟರು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರ ಪೈಕಿ 3,338 ಮಂದಿ ಪಾಲಿಕೆಗೆ ಸಿಗುತ್ತಿಲ್ಲ. ಅವರು ಬರೆಸಿದ ಫೋನ್ ನಂಬರೋ ವಿಳಾಸವೋ ತಪ್ಪು. ಸುದ್ದಿವಾಹಿನಿಗಳು ಇವರನ್ನು ‘ನಾಪತ್ತೆ ಸೋಂಕಿತರು’ ಎಂದು ಕರೆದವು, ಬೇಜವಾಬ್ದಾರಿಗಳೆಂದು ಬೈದವು. ಇನ್ನು ಮುಂದೆ ಗಂಟಲು ದ್ರವ ಕೊಡುವವರು ಗುರುತಿನ ಚೀಟಿ ತೋರಿಸಬೇಕು, ಮೊಬೈಲ್ ನಂಬರನ್ನು ಅಲ್ಲೇ ಪರಿಶೀಲಿಸಬೇಕು ಎಂದಿತು ಆಡಳಿತ. ಚರ್ಚೆ ಅಲ್ಲಿಗೆ ಮುಗಿಯಿತು. ಆದರೆ ಸಾಂಕ್ರಾಮಿಕ ರೋಗದ ಕಾಲದಲ್ಲಿ ಜನ ನಿಗಾವಣೆಯನ್ನು ಏಕೆ ವಿರೋಧಿಸುತ್ತಾರೆ ಎಂಬ ಬಗ್ಗೆ ನಮ್ಮ ವಿದ್ವತ್ತು ಇದುವರೆಗೆ ಹೇಳಿಕೊಂಡು ಬಂದದ್ದಕ್ಕೆ ಈ ಅಂಕಿ ಸುಲಭವಾಗಿ ಒಗ್ಗುವುದಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. 2020ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೋವಿಡ್ ನಿಯಮಾವಳಿ ಹೊರಡಿಸಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದ ಮೇಲೆ. ಪ್ಲೇಗಿನ ದಿನಗಳಲ್ಲಿ ಬ್ರಿಟಿಷರು ಅವಸರದಲ್ಲಿ ಮಾಡಿದ ಕಾಯ್ದೆ ಅದು. ಹೋದಲ್ಲಿ ಬಂದಲ್ಲಿ ಹೆಸರು ಬರೆಸುವ ನಿಯಮವೂ ಹೊಸದಲ್ಲ. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಸೋಂಕಿನ ಊರುಗಳಿಂದ ಬಂದ ಪ್ರಯಾಣಿಕರಿಗೆ ‘ಪ್ಲೇಗ್ ಪಾಸ್‌ಪೋರ್ಟ್’ ಕೊಟ್ಟು, ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗುವಂತೆ ಮಾಡಲಾಗಿತ್ತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಆ ಪ್ರೆಸಿಡೆನ್ಸಿಯಲ್ಲೇ ಇದ್ದವು. ಇತಿಹಾಸಕಾರ ಡೇವಿಡ್ ಆರ್ನಾಲ್ಡ್ 1987ರ ‘ಸಬಾಲ್ಟರ್ನ್ ಸ್ಟಡೀಸ್’ ಲೇಖನದಲ್ಲಿ, ಆಮೇಲೆ 1993ರ ‘ಕಾಲೊನೈಸಿಂಗ್ ದ ಬಾಡಿ’ ಗ್ರಂಥದಲ್ಲಿ, ಪ್ಲೇಗ್ ಕ್ರಮಗಳ ವಿರುದ್ಧ ಎದ್ದ ಸಿಟ್ಟಿನ ನಡುವೆ ಇದ್ದುದು ದೇಹ ಎಂದು ವಾದಿಸಿದರು. ರೈಲು ನಿಲ್ದಾಣದಲ್ಲಿ ಕಂಕುಳು ತಡವಿ ನೋಡುವುದು, ಹೆಂಗಸರನ್ನು ಪರೀಕ್ಷಿಸುವುದು, ಬಲವಂತವಾಗಿ ಆಸ್ಪತ್ರೆಗೆ ಒಯ್ಯುವುದು, ಹೆಣವನ್ನೂ ಬಿಡದಿರುವುದು. ಇನ್ನೊಬ್ಬ ಇತಿಹಾಸಕಾರ ರಾಜನಾರಾಯಣ ಚಂದಾವರ್ಕರ್ 1992ರಲ್ಲಿ ಇದನ್ನು ಪ್ರಶ್ನಿಸಿದರು. ದಿಗಿಲುಬಿದ್ದದ್ದು ಜನಕ್ಕಿಂತ ಹೆಚ್ಚಾಗಿ ಸರ್ಕಾರವೇ. ಜನರ ಪ್ರತಿಕ್ರಿಯೆ ಸಂಸ್ಕೃತಿಯ ಗಾಯದಿಂದ ಮಾತ್ರ ಹುಟ್ಟಿದ್ದಲ್ಲ, ಕೂಲಿ ಹೋಗುವುದು, ಮನೆ ಕೆಡವುವುದು, ಅಧಿಕಾರಿಗಳ ಮನಸೋಇಚ್ಛೆ ವರ್ತನೆ ಇವುಗಳ ಲೆಕ್ಕಾಚಾರದಿಂದಲೂ ಹುಟ್ಟಿತು ಎಂಬುದು ಅವರ ನಿಲುವು. ಕೋವಿಡ್ ಕಾಲದ ಬರವಣಿಗೆ ಇವರಿಬ್ಬರನ್ನೂ ಬದಿಗಿಟ್ಟು ಖಾಸಗಿತನದ ದಾರಿ ಹಿಡಿಯಿತು. ಅದಕ್ಕೆ ಕಾರಣವೂ ಇತ್ತು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತ್ತು.

ಮೂರೂ ವಾದಗಳಲ್ಲಿ ಒಂದು ಸಮಾನ ಊಹೆ ಅಡಗಿದೆ. ನೋಡುವವನು ಸರ್ಕಾರ, ನೋಡಿಸಿಕೊಳ್ಳುವವನು ಪ್ರಜೆ. ಜಗಳ ಈ ಇಬ್ಬರ ನಡುವಿನದು. 2020ರ ಕರ್ನಾಟಕದ ಮಟ್ಟಿಗೆ ಈ ಊಹೆ ಅರ್ಧ ಸತ್ಯ ಎಂಬುದು ನನ್ನ ವಾದ. ಸಂಪರ್ಕ ಪತ್ತೆಯ ಬಗ್ಗೆ ಬಹಳಷ್ಟು ಜನರಿಗಿದ್ದ ಅಳುಕು, ಸರ್ಕಾರಕ್ಕೆ ಗೊತ್ತಾಗುತ್ತದೆ ಎಂಬುದಕ್ಕಿಂತ ಸರ್ಕಾರದ ಮೂಲಕ ಬೀದಿಗೆ ಗೊತ್ತಾಗುತ್ತದೆ ಎಂಬುದಾಗಿತ್ತು.

ಆರ್ನಾಲ್ಡ್ ಅವರ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ತಪ್ಪು ನಂಬರು ಕೊಟ್ಟ ಈ ಜನ ಪರೀಕ್ಷೆಗೆ ಬಂದಿದ್ದರು. ಕುರ್ಚಿಯ ಮೇಲೆ ಕೂತು, ತಲೆ ಹಿಂದಕ್ಕೆ ಚೆಲ್ಲಿ, ಮೂಗಿನೊಳಗೆ ಕಡ್ಡಿ ಹಾಕಿಸಿಕೊಂಡಿದ್ದರು. ದೇಹವನ್ನು ಒಪ್ಪಿಸಿದವರು ವಿಳಾಸವನ್ನು ಒಪ್ಪಿಸಲಿಲ್ಲ. ಅಸಮಾಧಾನದ ಬೇರು ದೇಹದ ಮೇಲಿನ ಆಕ್ರಮಣದಲ್ಲಿದ್ದರೆ ಇದು ತಿರುಗುಮುರುಗಾಗಬೇಕಿತ್ತು. ಚಂದಾವರ್ಕರ್ ಅವರ ಲೆಕ್ಕಾಚಾರದ ವಾದ ಇಲ್ಲಿ ಹೆಚ್ಚು ಬಾಳುತ್ತದೆ: ಕ್ವಾರಂಟೈನ್ ಎಂದರೆ ಎರಡು ವಾರ ಸಂಬಳವಿಲ್ಲ, ಅಂಗಡಿಯಿಲ್ಲ. ಆದರೂ ಅದೊಂದೇ ಸಾಲದು. ದುಡಿಮೆಯ ಚಿಂತೆ ಮಾತ್ರ ಇದ್ದಿದ್ದರೆ ಪರೀಕ್ಷೆಗೇ ಬಾರದಿರುವುದು ಸುಲಭದ ದಾರಿ. ಫಲಿತಾಂಶ ಬೇಕು, ಅದರ ಬೆನ್ನಿಗೆ ಬರುವ ಮೆರವಣಿಗೆ ಬೇಡ ಎಂಬ ಮನಸ್ಥಿತಿಯನ್ನು ಬೇರೆ ಬಗೆಯಲ್ಲಿ ವಿವರಿಸಬೇಕು.

ಮೆರವಣಿಗೆ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಪಾಸಿಟಿವ್ ಬಂದ ಮನೆಗೆ ಆಗ ಆಂಬುಲೆನ್ಸ್ ಬರುತ್ತಿತ್ತು. ಪಿಪಿಇ ಕಿಟ್ ತೊಟ್ಟವರು ಇಳಿಯುತ್ತಿದ್ದರು. ರಸ್ತೆಯ ತುದಿಗೆ ಬೊಂಬು ಕಟ್ಟುತ್ತಿದ್ದರು, ಕಾಂಪೌಂಡಿಗೆ ಸೋಡಿಯಂ ಹೈಪೊಕ್ಲೋರೈಟ್ ಎರಚುತ್ತಿದ್ದರು. ಎದುರು ಮನೆಯ ಮಹಡಿಯಿಂದ ಮೊಬೈಲ್ ಕ್ಯಾಮೆರಾ ಚಾಲೂ ಆಗಿರುತ್ತಿತ್ತು. ಕ್ವಾರಂಟೈನಿನ ಮನೆಯ ಬಾಗಿಲಿಗೆ ಶುರುವಾಗುವ ಮತ್ತು ಮುಗಿಯುವ ತಾರೀಖು ಬರೆದ ಚೀಟಿ ಅಂಟುತ್ತಿತ್ತು. ಜುಲೈನಲ್ಲೇ ದೊಮ್ಮಲೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಪಾಲಿಕೆಯ ಸಿಬ್ಬಂದಿ ಫ್ಲಾಟುಗಳ ಬಾಗಿಲಿಗೆ ತಗಡು ಹೊಡೆದದ್ದೂ, ಆಯುಕ್ತರು ಕ್ಷಮೆ ಕೇಳಿ ಅದನ್ನು ತೆಗೆಸಿದ್ದೂ ಎಲ್ಲರಿಗೂ ನೆನಪಿರಬೇಕು. ವೈದ್ಯಕೀಯ ದೃಷ್ಟಿಯಿಂದ ಇವುಗಳಲ್ಲಿ ಎಷ್ಟು ಅಗತ್ಯವಿತ್ತೋ, ಅದು ಬೇರೆ ಮಾತು. ಸರ್ಕಾರಕ್ಕೆ ಗೊತ್ತಾದದ್ದು ಕೇರಿಗೆ ಗೊತ್ತಾಗದೆ ಉಳಿಯುವ ಸಾಧ್ಯತೆಯನ್ನೇ ಇವು ಅಳಿಸಿಹಾಕಿದವು.

ಇದು ಕೆಳಹಂತದ ಸಿಬ್ಬಂದಿಯ ಅತ್ಯುತ್ಸಾಹವಷ್ಟೇ ಆಗಿದ್ದರೆ ವಾದ ಸಡಿಲಾಗುತ್ತಿತ್ತು. ಆದರೆ ನೆರೆಯವರನ್ನು ಕಾವಲಿಗೆ ಹಚ್ಚುವುದು ನೀತಿಯ ಭಾಗವೇ ಆಗಿತ್ತು. ಮಾರ್ಚ್ ಕೊನೆಯಲ್ಲಿ ವಿದೇಶದಿಂದ ಬಂದು ಹೋಮ್ ಕ್ವಾರಂಟೈನಿನಲ್ಲಿದ್ದ ಸಾವಿರಾರು ಜನರ ಮನೆ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಹೆಸರಿರಲಿಲ್ಲ ನಿಜ, ಮನೆ ನಂಬರು, ಅಡ್ಡರಸ್ತೆ ಇದ್ದ ಮೇಲೆ ಹೆಸರು ಯಾರಿಗೆ ಬೇಕು? ಪಟ್ಟಿ ವಾಟ್ಸಾಪಿನಲ್ಲಿ ಹರಿದಾಡಿತು. ಮುಂಗೈಗೆ ಬಿದ್ದ ಕ್ವಾರಂಟೈನಿನ ಮುದ್ರೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಓದಿಸಿಕೊಂಡಿತು. ರಾಜ್ಯದ ದಿನದ ಬುಲೆಟಿನ್ನಿನಲ್ಲಿ ಪ್ರತಿ ಸೋಂಕಿತರಿಗೂ ‘ಪಿ’ ಅಕ್ಷರದ ಮುಂದೆ ಒಂದು ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಜಿಲ್ಲೆ, ಯಾವ ಪಿ-ಸಂಖ್ಯೆಯ ಸಂಪರ್ಕ ಎಂಬ ವಿವರ ಇರುತ್ತಿತ್ತು. ಬೆಂಗಳೂರಿನಲ್ಲಿ ಇದು ಅನಾಮಿಕತೆ. ಒಂದು ಹೋಬಳಿಯಲ್ಲಿ ಇದು ಹೆಚ್ಚುಕಡಿಮೆ ಪಡಿತರ ಚೀಟಿ. ಮತ್ತೊಂದು ಪುರಾವೆ ಸಿಗುವುದು ನಿಯಮಗಳನ್ನು ಕಿತ್ತುಹಾಕಿದ ದಾಖಲೆಯಲ್ಲಿ. 2020ರ ಆಗಸ್ಟ್ 24ರ ಸುತ್ತೋಲೆ ಹೊರರಾಜ್ಯದಿಂದ ಬರುವವರಿಗೆ ರಾಜ್ಯದ ‘ಸೇವಾ ಸಿಂಧು’ ಜಾಲತಾಣದಲ್ಲಿ ನೋಂದಣಿ, ಗಡಿ ತಪಾಸಣೆ, ಕೈಗೆ ಮುದ್ರೆ ಎಲ್ಲವನ್ನೂ ಕೈಬಿಟ್ಟಿತು. ಕೈಬಿಟ್ಟವುಗಳಲ್ಲಿ ಬಾಗಿಲಿಗೆ ಪೋಸ್ಟರ್ ಹಚ್ಚುವುದೂ ನೆರೆಹೊರೆಯವರಿಗೆ, ನಿವಾಸಿಗಳ ಸಂಘಗಳಿಗೆ ತಿಳಿಸುವುದೂ ಸೇರಿದ್ದವು. ಅಂದರೆ ಅಲ್ಲಿಯವರೆಗೆ ಅವು ಜಾರಿಯ ಉಪಕರಣಗಳಾಗಿ ಎಣಿಕೆಯಲ್ಲಿದ್ದವು.

ಹೋಟೆಲು, ಸಲೂನುಗಳ ಬಾಗಿಲಲ್ಲಿ ಇಟ್ಟ ಪುಸ್ತಕ ಇದೇ ಕಥೆಯನ್ನು ಚಿಕ್ಕದಾಗಿ ಹೇಳುತ್ತದೆ. ದಾರ ಕಟ್ಟಿದ ಪೆನ್ನು, ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ. ಹೆಸರು, ಫೋನ್ ನಂಬರು, ವೇಳೆ, ಉಷ್ಣಾಂಶ ಎಂದು ಸ್ಕೇಲಿನಲ್ಲಿ ಎಳೆದ ಕಾಲಂಗಳು. (ಉಷ್ಣಾಂಶದ ಕಾಲಂನಲ್ಲಿ ಇಡೀ ಪುಟ ಒಂದೇ ಅಂಕಿ ಇರುತ್ತಿದ್ದುದನ್ನು ನೋಡಿದರೆ ನಮ್ಮೂರಿನ ಗಿರಾಕಿಗಳ ಆರೋಗ್ಯದ ಬಗ್ಗೆ ಹೆಮ್ಮೆಯಾಗುತ್ತಿತ್ತು.) ಬರೆಯುವವರ ಕಣ್ಣಿಗೆ ಮೇಲಿನ ಸಾಲಿನವರ ನಂಬರು ಬೀಳುತ್ತದೆ; ತಮ್ಮದು ಕೆಳಗಿನ ಸಾಲಿನವರಿಗೆ ಬೀಳುತ್ತದೆ. ಹೆಣ್ಣುಮಕ್ಕಳು ಒಂದು ಕ್ಷಣ ಪೆನ್ನು ನಿಲ್ಲಿಸಿ, ಪೂರ್ತಿ ಹೆಸರಿನ ಬದಲು ಒಂದಕ್ಷರ ಬರೆದು ಒಳಗೆ ಹೋಗುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ. ಅವರು ತಪ್ಪಿಸಿಕೊಳ್ಳುತ್ತಿದ್ದುದು ಆರೋಗ್ಯ ಇಲಾಖೆಯಿಂದ ಎಂದು ನನಗೆ ಅನ್ನಿಸಲಿಲ್ಲ.

ಕೇಂದ್ರ ಸರ್ಕಾರದ ಸಂಪರ್ಕ ಪತ್ತೆ ಆ್ಯಪ್ ‘ಆರೋಗ್ಯ ಸೇತು’ವಿನ ಪ್ರಸಂಗವೂ ಇದನ್ನೇ ಬೇರೆ ಬದಿಯಿಂದ ತೋರಿಸುತ್ತದೆ. 2020ರ ಏಪ್ರಿಲ್ 2ರಂದು ಬಂದ ಈ ಆ್ಯಪನ್ನು ಮೇ ತಿಂಗಳ ನಡುವಿನ ಹೊತ್ತಿಗೆ 10 ಕೋಟಿ ಜನ ಇಳಿಸಿಕೊಂಡಿದ್ದರು. ಮೇ 1ರ ಕೇಂದ್ರ ಗೃಹ ಸಚಿವಾಲಯದ ಆದೇಶ ನೌಕರರಿಗೆ ಅದನ್ನು ಕಡ್ಡಾಯ ಮಾಡಿದ್ದೂ ಇದಕ್ಕೆ ಕಾರಣ. ಮೇ 17ರ ಹೊತ್ತಿಗೆ ಆ ಬಿಗಿ ಸಡಿಲವಾಯಿತು. ಆದರೆ ಜನ ದಿನಕ್ಕೆರಡು ಸಲ ಅದನ್ನು ತೆರೆದು ನೋಡುತ್ತಿದ್ದುದು ಏನನ್ನು? ನಮ್ಮ 500 ಮೀಟರ್, 1 ಕಿಲೋಮೀಟರ್ ವ್ಯಾಪ್ತಿಯಲ್ಲಿ ಎಷ್ಟು ಜನಕ್ಕೆ ಸೋಂಕಿದೆ ಎಂಬ ಅಂಕಿಯನ್ನು. ಈ ಸೌಲಭ್ಯವನ್ನು ದುರುಪಯೋಗ ಮಾಡಬಹುದೆಂದು ಫ್ರೆಂಚ್ ಭದ್ರತಾ ಸಂಶೋಧಕರೊಬ್ಬರು ಅದೇ ಮೇ ತಿಂಗಳಲ್ಲಿ ಎಚ್ಚರಿಸಿದರು, ಸರ್ಕಾರ ಅಪಾಯವಿಲ್ಲವೆಂದಿತು. ನನ್ನ ಗಮನ ಬೇರೆ ಕಡೆ ಇದೆ. ಪಕ್ಕದವರು ತನ್ನನ್ನು ನೋಡುವುದಕ್ಕೆ ಅಳುಕುವ ಜನವೇ ಪಕ್ಕದವರನ್ನು ನೋಡಲು ಆ್ಯಪನ್ನು ಕಿಟಕಿ ಮಾಡಿಕೊಂಡರು. ಭಾರತೀಯರಿಗೆ ಖಾಸಗಿತನದ ಪರಿವೆಯೇ ಇಲ್ಲ ಎನ್ನುವವರು ಈ ಎರಡನೆಯ ಅರ್ಧವನ್ನು ಮಾತ್ರ ಕಾಣುತ್ತಾರೆ.

ಈ ವಾದ ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಮೊದಲನೆಯದಾಗಿ, 3,338ರಲ್ಲಿ ಎಲ್ಲರೂ ಬೇಕೆಂದೇ ಸುಳ್ಳು ಬರೆಸಿದರು ಎಂದು ನಾನು ಹೇಳುತ್ತಿಲ್ಲ. ಐಸಿಎಂಆರ್ ನಮೂನೆಯಲ್ಲಿ ಮೊಬೈಲ್ ನಂಬರು ಸ್ವಂತದ್ದೋ ಕುಟುಂಬದವರದೋ ಎಂದು ಕೇಳುವ ಜಾಗವೇ ಇತ್ತು; ಸ್ವಂತ ಫೋನಿಲ್ಲದವರಿದ್ದಾರೆ ಎಂಬುದು ಅದನ್ನು ಮಾಡಿದವರಿಗೂ ಗೊತ್ತಿತ್ತು. ಪಿಜಿ ಬಿಟ್ಟು ಊರಿಗೆ ಹೋದವರು, ಕಟ್ಟಡದ ಕೆಲಸ ಮುಗಿದು ಶೆಡ್ಡು ಖಾಲಿ ಮಾಡಿದವರು, ಪಿಪಿಇ ಕಿಟ್ಟಿನೊಳಗೆ ಬೆವರುತ್ತಾ ಒಂದಂಕಿ ತಪ್ಪಾಗಿ ಟೈಪಿಸಿದ ಸಿಬ್ಬಂದಿ, ಎಲ್ಲರೂ ಆ ಅಂಕಿಯೊಳಗಿದ್ದಾರೆ. ಮಾರುಕಟ್ಟೆಗಳಲ್ಲಿ ಹಿಡಿದು ಪರೀಕ್ಷೆ ಮಾಡಿಸಿದವರಿಗೆ ‘ದೇಹ ಒಪ್ಪಿಸಿದರು’ ಎಂಬ ನನ್ನ ಮಾತು ಹೊಂದುವುದಿಲ್ಲ. ಒಂದು ಗಣನೀಯ ಪಾಲು ಉದ್ದೇಶಪೂರ್ವಕ ಎಂದಷ್ಟೇ ಒಪ್ಪಿದರೂ ವಾದಕ್ಕೆ ಸಾಕು.

ಎರಡನೆಯದು ಹೆಚ್ಚು ತೂಕದ್ದು. ಏಪ್ರಿಲ್ 19ರಂದು ಬೆಂಗಳೂರಿನ ಪಾದರಾಯನಪುರದಲ್ಲಿ ದ್ವಿತೀಯ ಸಂಪರ್ಕಿತರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಹೋದ ಸಿಬ್ಬಂದಿಯ ಮೇಲೆ ಗುಂಪು ತಿರುಗಿಬಿತ್ತು. ಅದೇ ತಿಂಗಳ ಆರಂಭದಲ್ಲಿ ನಗರದ ಇನ್ನೊಂದು ಬಡಾವಣೆಯಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರಿಗೆ ತಡೆಯೊಡ್ಡಲಾಗಿತ್ತು. ಪೌರತ್ವ ತಿದ್ದುಪಡಿ ಕಾಯ್ದೆಯ ವಿವಾದದ ಬಿಸಿ ಆರದ ಆ ದಿನಗಳಲ್ಲಿ, ಮನೆಗೆ ಬಂದು ಹೆಸರು ಬರೆದುಕೊಳ್ಳುವ ಯಾರನ್ನೇ ಆದರೂ ಸಂಶಯದಿಂದ ನೋಡುವ ಸಮುದಾಯಕ್ಕೆ ಭಯ ಪಕ್ಕದ ಮನೆಯದಲ್ಲ, ಸರ್ಕಾರದ್ದೇ. ಹಲ್ಲೆಗೆ ಇದು ಸಮರ್ಥನೆಯಲ್ಲ. ಆದರೆ ಅಲ್ಲಿ ನನ್ನ ಸೂತ್ರ ನಡೆಯುವುದಿಲ್ಲ. ಆರೋಗ್ಯ ಸೇತು ವಿರುದ್ಧ ಕರ್ನಾಟಕ ಹೈಕೋರ್ಟಿಗೆ ಹೋದ ಅರ್ಜಿಯೂ ಸರ್ಕಾರದತ್ತಲೇ ಬೆರಳು ಮಾಡಿತ್ತು. 2021ರ ಜನವರಿ 25ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ, ಬಳಕೆದಾರರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಅವರ ಮಾಹಿತಿಯನ್ನು ಹಂಚಿಕೊಳ್ಳದಂತೆ ತಡೆಯಿತು. ಇದನ್ನು ಕೆಲವೇ ಜನರ ಕಾಳಜಿ ಎಂದು ತಳ್ಳಿಹಾಕಲಾರೆ. ಆದರೆ ಅದೇ ಅವಧಿಯಲ್ಲಿ ಸುಪ್ರೀಂ ಕೋರ್ಟ್, 2020ರ ಡಿಸೆಂಬರ್ 9ರಂದು, ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಕೋವಿಡ್ ರೋಗಿಗಳ ಮನೆಗಳ ಹೊರಗೆ ಪೋಸ್ಟರ್ ಹಚ್ಚಬಾರದು ಎಂದಾಗ, ವಿಚಾರಣೆಯಲ್ಲಿ ಮುಂದೆ ಬಂದದ್ದು ಪೋಸ್ಟರ್ ಬಿದ್ದ ಮನೆಯವರನ್ನು ಸುತ್ತಲಿನವರು ಅಸ್ಪೃಶ್ಯರಂತೆ ಕಾಣುತ್ತಿದ್ದಾರೆಂಬ ಸಂಗತಿ. ಜಾತಿಯ ನೆನಪು ಗಾಢವಾಗಿರುವ ಸಮಾಜದಲ್ಲಿ ಈ ಹೋಲಿಕೆ ನ್ಯಾಯಪೀಠದ ಬಾಯಲ್ಲಿ ಬಂದದ್ದು ಆಕಸ್ಮಿಕವಲ್ಲ.

ಸರ್ಕಾರದ ಕಣ್ಣನ್ನೂ ನೆರೆಯ ಕಣ್ಣನ್ನೂ ಬೇರ್ಪಡಿಸಿ ನೋಡಲು ಸಿಂಗಪುರದ ಉದಾಹರಣೆಯನ್ನು ಎಚ್ಚರದಿಂದ ಬಳಸಬಹುದು. ಅಲ್ಲಿಯ ಸರ್ಕಾರಿ ವ್ಯವಸ್ಥೆ ‘ಟ್ರೇಸ್‌ಟುಗೆದರ್’ನ ಮಾಹಿತಿ ಸಂಪರ್ಕ ಪತ್ತೆಗೆ ಮಾತ್ರ ಎಂದು ಸಚಿವರು ಭರವಸೆ ಕೊಟ್ಟಿದ್ದರು. 2021ರ ಜನವರಿ 4ರಂದು, ಅಪರಾಧ ತನಿಖೆಗಾಗಿ ಪೊಲೀಸರೂ ಅದನ್ನು ಪಡೆಯಬಹುದೆಂದು ಸಂಸತ್ತಿನಲ್ಲಿ ತಿಳಿಯಿತು. ಸಿಟ್ಟು ಜೋರಾಗಿಯೇ ಎದ್ದಿತು, ಫೆಬ್ರವರಿಯಲ್ಲಿ ಬಳಕೆಯನ್ನು ಗಂಭೀರ ಅಪರಾಧಗಳಿಗೆ ಸೀಮಿತಗೊಳಿಸಿ ಕಾನೂನಾಯಿತು. ಆದರೂ ಸುಮಾರು ಶೇ. 80ರಷ್ಟು ಜನ ಸೇರಿದ್ದ ಆ ವ್ಯವಸ್ಥೆ ಕುಸಿಯಲಿಲ್ಲ. ಮುಂದೆ ಅದು ಅನೇಕ ಕಡೆ ಪ್ರವೇಶಕ್ಕೆ ಕಡ್ಡಾಯವಾಯಿತು, ಆದ್ದರಿಂದ ಇದನ್ನು ಜನಸಮ್ಮತಿ ಎನ್ನಲಾಗದು. ಆದರೆ ಪೊಲೀಸರಿಗೆ ಸಿಗುತ್ತಿದ್ದ ಆ ಮಾಹಿತಿ ಅಲ್ಲಿ ಮೇಲಿನ ಮಹಡಿಯವರಿಗೆ ಸಿಗುತ್ತಿರಲಿಲ್ಲ.

ಸರ್ಕಾರ ಒಂದು ಕಡೆ, ನೆರೆ ಇನ್ನೊಂದು ಕಡೆ ಎಂಬ ನನ್ನ ವಿಂಗಡಣೆಗೆ ನಿಜವಾದ ಸವಾಲು ಬರುವುದು ಆಶಾ ಕಾರ್ಯಕರ್ತೆಯಿಂದ. ಸುಮಾರು ಸಾವಿರ ಜನಸಂಖ್ಯೆಗೊಬ್ಬಳಂತೆ, ಅದೇ ಊರಿನ ಹೆಣ್ಣುಮಗಳೇ ಆಗಿರಬೇಕೆಂಬ ನಿಯಮದ ಮೇಲೆ ನೇಮಕವಾದವಳು ಅವಳು. 2020ರಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಒಂದೂವರೆ ಕೋಟಿಗೂ ಮೀರಿದ ಮನೆಗಳನ್ನು ಸುತ್ತಿ, ವಯಸ್ಸಾದವರು, ಬಸುರಿಯರು, ಬಿಪಿ-ಶುಗರ್ ಇದ್ದವರು ಯಾರೆಂದು ಬರೆದುಕೊಂಡರು. ಬಹುಪಾಲು ಮನೆಗಳು ಅವರಿಗೆ ಉತ್ತರ ಕೊಟ್ಟವು. ಅವಳು ಸರ್ಕಾರದ ಕಣ್ಣೂ ಹೌದು, ಪಕ್ಕದ ಮನೆಯ ಕಣ್ಣೂ ಹೌದು. ನನ್ನ ವಾದದ ಪ್ರಕಾರ ಅವಳ ಮುಂದೆ ಬಾಗಿಲು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಬಹುಶಃ ಯಾರು ಹೆರಿಗೆಗೆ ಜೊತೆ ಬಂದಿದ್ದರೋ, ಮಗುವಿಗೆ ಚುಚ್ಚುಮದ್ದು ಹಾಕಿಸಿದ್ದರೋ ಅವರಿಗೆ ಹೇಳುವುದು ಬಯಲಿಗೆ ಬಿದ್ದಂತೆ ಅಲ್ಲ. ಬಹುಶಃ ಕಾಯಿಲೆಯ ಹೆಸರು ಬಿಪಿ ಆಗಿದ್ದರಿಂದ ಹೇಳಿದರು, ಕೊರೊನಾ ಆಗಿದ್ದರೆ ಹೇಳುತ್ತಿರಲಿಲ್ಲ. ಇದೇ ಆಶಾ ಕಾರ್ಯಕರ್ತೆಯರು ಜುಲೈ 10ರಿಂದ 12,000 ರೂಪಾಯಿ ಮಾಸಿಕ ಗೌರವಧನಕ್ಕಾಗಿ ಮುಷ್ಕರ ಹೂಡಿದರು. ಬೆಂಗಳೂರಿನ 3,338ರ ಅಂಕಿ ಹೊರಬಂದದ್ದೂ ಅದೇ ತಿಂಗಳಲ್ಲಿ. ಎರಡರ ನಡುವೆ ಕಾರ್ಯಕಾರಣ ಹೂಡಲು ನಾನು ಸಿದ್ಧನಿಲ್ಲ, ನಗರದಲ್ಲಿ ಅವರ ಜಾಲ ಹಳ್ಳಿಯಷ್ಟು ದಟ್ಟವಾಗಿರಲೂ ಇಲ್ಲ. ಆದರೆ ಆಶಾ ಕಾರ್ಯಕರ್ತೆಯರು ಗಟ್ಟಿಯಾಗಿದ್ದ ತಾಲ್ಲೂಕುಗಳಲ್ಲಿ ಮತ್ತು ಆಂಬುಲೆನ್ಸೇ ಮೊದಲು ಬಂದ ವಾರ್ಡುಗಳಲ್ಲಿ ತಪ್ಪು ವಿಳಾಸಗಳ ಪ್ರಮಾಣವನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಆಗಬೇಕಿದೆ. ಅದಕ್ಕೆ ಬೇಕಾದ ಕರೆ ದಾಖಲೆಗಳು ಆಡಳಿತದ ಕೋವಿಡ್ ವಾರ್ ರೂಮುಗಳ ಬಳಿ ಇರಬೇಕು. ಹೆಸರು, ವಿಳಾಸ ಅಳಿಸಿ ಅವನ್ನು ಸಂಶೋಧಕರಿಗೆ ಹೇಗೆ ತೆರೆಯುವುದು ಎಂಬುದನ್ನು ಮೊದಲು ಇತ್ಯರ್ಥ ಮಾಡಬೇಕು.