ಬಿರುಗಾಳಿಯಿಂದ ತಪ್ಪೊಪ್ಪಿಗೆಗೆ: ಜಾನ್ ನ್ಯೂಟನ್ನನ ನಲವತ್ತು ವರ್ಷ

ಕನ್ನಡದ ಕ್ರೈಸ್ತ ಬಳಕೆಯಲ್ಲಿ ಮತಾಂತರ, ಮಾನಸಾಂತರ ಎಂಬ ಎರಡು ಮಾತುಗಳು ಅಕ್ಕಪಕ್ಕದಲ್ಲಿ ಕೂತಿವೆ. ಮೊದಲನೆಯದು ಇಂದು ಪತ್ರಿಕೆಯ, ಠಾಣೆಯ, ವಿಧಾನಸಭೆಯ ಮಾತಾಗಿದೆ. ಎರಡನೆಯದು, ಅಂದರೆ ಮನಸ್ಸೇ ತಿರುಗುವುದು, ಪ್ರಸಂಗಪೀಠ ಬಿಟ್ಟು ಈಚೆಗೆ ಬರುವುದೇ ಅಪರೂಪ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಜಾನ್ ನ್ಯೂಟನ್ನನ ಬದುಕಿನಲ್ಲಿ ಮತಾಂತರ ನಡೆಯಲೇ ಇಲ್ಲ. ಹುಟ್ಟಿದ್ದೂ ಸತ್ತದ್ದೂ ಕ್ರೈಸ್ತನಾಗಿಯೇ. ನಡೆದದ್ದು ಮಾನಸಾಂತರ. ಅದು ಯಾವಾಗ ನಡೆಯಿತು ಎಂಬುದು ಈ ಲೇಖನದ ಪ್ರಶ್ನೆ. (ಈತ ಗುರುತ್ವದ ನ್ಯೂಟನ್ ಅಲ್ಲ. ಆ ವಿಜ್ಞಾನಿ 1727ರಲ್ಲಿ ತೀರಿಕೊಂಡಾಗ ಈತನಿಗೆ ಎರಡು ವರ್ಷ ಕೂಡ ತುಂಬಿರಲಿಲ್ಲ.)

ಜನಪ್ರಿಯ ಕಥೆ ಎಲ್ಲರಿಗೂ ಗೊತ್ತು. ಗುಲಾಮರನ್ನು ಸಾಗಿಸುತ್ತಿದ್ದ ನಾವಿಕನೊಬ್ಬ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ, ಬದುಕುಳಿದ, ಆ ನೀಚ ದಂಧೆಯನ್ನು ಅಲ್ಲಿಗೇ ಬಿಟ್ಟ, ಕೃಪೆಯನ್ನು ಕೊಂಡಾಡುವ 'ಅಮೇಜಿಂಗ್ ಗ್ರೇಸ್' ಹಾಡು ಬರೆದ. ಕೇಳಲು ಸೊಗಸು. ಆದರೆ ಇಸವಿಗಳು ಈ ಕಥೆಗೆ ಒಗ್ಗುವುದಿಲ್ಲ.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ವಾಪಿಂಗ್‌ನಲ್ಲಿ. ತಂದೆ ಹಡಗಿನ ಕಪ್ತಾನ. ಮಗನನ್ನು ಬೋಧಕನನ್ನಾಗಿ ಮಾಡಬೇಕೆಂದಿದ್ದ ತಾಯಿ ಕ್ಷಯದಿಂದ ಸತ್ತಾಗ ಹುಡುಗನಿಗೆ ಏಳೂ ತುಂಬಿರಲಿಲ್ಲ. ಮುಂದೆ ನೌಕಾಪಡೆಯವರು ಅವನನ್ನು ಬಲವಂತದಿಂದ ಎಳೆದೊಯ್ದು 'ಹಾರ್ವಿಚ್' ಯುದ್ಧನೌಕೆಗೆ ಸೇರಿಸಿದರು. ಅಲ್ಲಿಂದ ತಲೆತಪ್ಪಿಸಿಕೊಂಡು ಸಿಕ್ಕಿಬಿದ್ದು ಎಲ್ಲರೆದುರು ಚಾಟಿಯೇಟು ತಿಂದ. ಸಿಯೆರಾ ಲಿಯೋನ್ ಕರಾವಳಿಯ ಪ್ಲಾಂಟೇನ್ ದ್ವೀಪಗಳಲ್ಲಿ ಗುಲಾಮ ವ್ಯಾಪಾರಿಯೊಬ್ಬನ ಆಳಾಗಿ ಅನ್ನಕ್ಕೂ ಬಟ್ಟೆಗೂ ಗತಿಯಿಲ್ಲದೆ ಒದ್ದಾಡಿದ. ಇಷ್ಟಾದರೂ ಬಾಯಿ ಮಾತ್ರ ಸೋಲಲಿಲ್ಲ. ನಾವಿಕರೇ ಬೆಚ್ಚುವಷ್ಟು ದೈವನಿಂದೆ ಅವನ ಹೆಗ್ಗಳಿಕೆಯಾಗಿತ್ತು.

1748ರ ಮಾರ್ಚ್‌ನಲ್ಲಿ, ಹಳೆಯ ಪಂಚಾಂಗದ ಲೆಕ್ಕದಲ್ಲಿ 10ರಂದು, ಅವನನ್ನು ಊರಿಗೆ ಕರೆತರುತ್ತಿದ್ದ 'ಗ್ರೇಹೌಂಡ್' ಉತ್ತರ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿಗೆ ಸಿಕ್ಕಿತು. ಹಡಗಿನ ಒಂದು ಮೈ ಒಡೆದು ನೀರು ನುಗ್ಗಿತು. ಹೇರಿದ್ದ ಸರಕಿನಲ್ಲಿ ಜೇನುಮೇಣವೂ ಮರವೂ ಇದ್ದುದರಿಂದಲೇ ಅದು ತೇಲಿತೆಂದು ಅವನೇ ಬರೆದಿದ್ದಾನೆ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ನೀರೆತ್ತುತ್ತಲೇ ಇದ್ದ. ನಡುವೆ ಕಪ್ತಾನನೊಡನೆ ಮಾತಾಡುವಾಗ, ಇದೂ ಆಗದಿದ್ದರೆ ದೇವರೇ ಗತಿ ಎಂಬರ್ಥದ ಮಾತೊಂದು ಬಾಯಿಂದ ಜಾರಿತು. ನಾವು ದಿನಕ್ಕೆ ಹತ್ತು ಸಲ ಅರ್ಥವಿಲ್ಲದೆ ಆಡುವ ಮಾತು. ಅವನಿಗೆ ಮಾತ್ರ ತನ್ನ ಮಾತೇ ತಿರುಗಿ ಬಂದು ಬಡಿಯಿತು: ನನ್ನಂಥವನ ಮೇಲೆ ಯಾವ ಕರುಣೆ? ಸುಮಾರು ನಾಲ್ಕು ವಾರಗಳ ಬಳಿಕ ಹಡಗು ಐರ್ಲೆಂಡಿನ ದಡ ಮುಟ್ಟಿತು. ಬಿರುಗಾಳಿಯ ಆ ದಿನದ ಸ್ಮರಣೆಯನ್ನು ಅವನು ಮುಪ್ಪಿನವರೆಗೂ ವರ್ಷವರ್ಷ ಆಚರಿಸಿಕೊಂಡು ಬಂದ.

ಗುಲಾಮ ಹಡಗುಗಳಲ್ಲಿ ಅವನು ಮೇಲೇರಿದ್ದು ಇದಾದ ಮೇಲೆಯೇ. ಮೊದಲು 'ಬ್ರೌನ್‌ಲೋ' ಹಡಗಿನಲ್ಲಿ ಕಪ್ತಾನನ ಕೆಳಗಿನ ಅಧಿಕಾರಿ. 1750ರಿಂದ 'ಡ್ಯೂಕ್ ಆಫ್ ಆರ್ಗೈಲ್', ಬಳಿಕ 'ಆಫ್ರಿಕನ್' ಹಡಗುಗಳ ಕಪ್ತಾನ. ಒಟ್ಟು ಮೂರು ಯಾನ. ಆ ಕಾಲದ ಅವನ ದಿನಚರಿ ಉಳಿದಿದೆ, 1962ರಲ್ಲಿ ಅಚ್ಚೂ ಆಗಿದೆ. ಅದರಲ್ಲಿ 1752ರ ಡಿಸೆಂಬರ್ 11ರ ಬರಹವನ್ನು ಬಿಡಿಸಿ ಓದಬೇಕು. ಸೆರೆಯಲ್ಲಿದ್ದ ಗುಲಾಮರು ದಂಗೆಗೆ ಸಂಚು ಹೂಡಿದ್ದು ಅಂದು ಬಯಲಾಯಿತು. ಚಾಕು, ಕಲ್ಲು, ಉಳಿ ಸಿಕ್ಕವು. ಇವನ್ನು ಒದಗಿಸಿದ ಹುಡುಗರಿಗೆ ಬೇಡಿ ತೊಡಿಸಿ, ಎಲ್ಲವನ್ನೂ ಒಪ್ಪಿಕೊಳ್ಳುವಂತೆ ಮಾಡಲು ಹೆಬ್ಬೆರಳು ಹಿಂಡುವ ಕಬ್ಬಿಣದ ತಿರುಪು ಹಾಕಿಸಿದ್ದನ್ನು ಕಪ್ತಾನ ನಿರ್ಲಿಪ್ತವಾಗಿ ದಾಖಲಿಸುತ್ತಾನೆ; ಸ್ವಲ್ಪ ಮಾತ್ರ ಹಿಂಡಿಸಿದೆ ಎಂದೂ ಸೇರಿಸುತ್ತಾನೆ. ಅದೇ ಬರಹ ಆರಂಭವಾಗುವುದು, ಸಂಚು ಸಕಾಲಕ್ಕೆ ತಿಳಿದದ್ದು ದೈವಾನುಗ್ರಹವೆಂಬ ಕೃತಜ್ಞತೆಯಿಂದ. ಇದೇ ಕಪ್ತಾನ ಭಾನುವಾರಗಳಂದು ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದ.

ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಓದುವುದಿಲ್ಲ. ಬೂಟಾಟಿಕೆಗೆ ಒಳಗೊಂದು ಹೊರಗೊಂದು ಇರಬೇಕು; ಈ ದಿನಚರಿಯಲ್ಲಿ ಒಳಗೂ ಹೊರಗೂ ಒಂದೇ ಆಗಿರುವುದೇ ದಿಗಿಲು ಹುಟ್ಟಿಸುವ ಸಂಗತಿ.

1754ರಲ್ಲಿ ಅವನು ಕಡಲು ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿದ್ದರಿಂದಲ್ಲ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬಿದ್ದದ್ದರಿಂದ. ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾದ. 1764ರಲ್ಲಿ ಹದಿನಾಲ್ಕು ಪತ್ರಗಳ ರೂಪದ ಆತ್ಮಕಥನ, ಲೇಖಕನ ಹೆಸರಿಲ್ಲದೆ, ಪ್ರಕಟವಾಯಿತು. ಅದೇ ವರ್ಷ ದೀಕ್ಷೆ ಪಡೆದು ಓಲ್ನಿ ಎಂಬ ಪುಟ್ಟ ಊರಿನ ಬೋಧಕನಾದ. ಆ ಪುಸ್ತಕ ಪಾಪದ ಪಟ್ಟಿಯನ್ನು ಬಿಚ್ಚಿಡುತ್ತದೆ: ದೈವನಿಂದೆ, ನಾಸ್ತಿಕತೆ, ಮಾತಿಗೆ ತಪ್ಪಿದ್ದು, ಇತರರನ್ನು ಕೆಡಿಸಿದ್ದು. ಮನುಷ್ಯರನ್ನು ಮಾರಿದ್ದು ಪಟ್ಟಿಯಲ್ಲಿಲ್ಲ. ಆ ಕಸುಬು ಮಾಡುವಾಗ ಅದರ ನ್ಯಾಯಾನ್ಯಾಯದ ಬಗ್ಗೆ ತನಗೆ ಕಿಂಚಿತ್ತೂ ಅಳುಕಿರಲಿಲ್ಲ, ಸೆರೆಮನೆಯ ಕಾವಲುಗಾರನಂಥ ಕೆಲಸವೆಂಬ ಬೇಸರವಷ್ಟೇ ಇತ್ತು ಎಂಬರ್ಥದಲ್ಲಿ ಬರೆಯುತ್ತಾನೆ.

ಇಲ್ಲಿ ಕಥನಪ್ರಕಾರದ ಒತ್ತಡವನ್ನು ಗಮನಿಸಬೇಕು. ಬೋಧಕ ಜಾನ್ ಬನ್ಯನ್ 1666ರಲ್ಲಿ ತನ್ನ ಆತ್ಮಕಥನ ಪ್ರಕಟಿಸುವ ಹೊತ್ತಿಗೆ ಪ್ಯೂರಿಟನ್ ಪಂಥದ ಕ್ರೈಸ್ತರಲ್ಲಿ ಇಂಥ 'ಸಾಕ್ಷಿ' ಕಥನಕ್ಕೆ ಒಂದು ಜಾಡು ಬಿದ್ದಿತ್ತು: ಕೆಟ್ಟ ಬಾಳು, ಎಚ್ಚರ, ತಳಮಳ, ಕೃಪೆ. ಇತಿಹಾಸಕಾರ ಬ್ರೂಸ್ ಹಿಂಡ್‌ಮಾರ್ಶ್ ಈ ಪ್ರಕಾರವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಕೇಳುವ ಸಭೆ ಯಾವುದನ್ನು ಪಾಪವೆಂದು ಗುರುತಿಸುತ್ತದೋ ಅದನ್ನೇ ಹೇಳುವವನೂ ನೆನಪಿಸಿಕೊಳ್ಳುತ್ತಾನೆ. ಲಿವರ್‌ಪೂಲಿನಂಥ ಊರಲ್ಲಿ ಗುಲಾಮ ವ್ಯಾಪಾರ ಮರ್ಯಾದಸ್ಥರ ಕಸುಬು. ಅದಕ್ಕೆ ಪಶ್ಚಾತ್ತಾಪಪಡಲು ಬೇಕಾದ ಮಾತೇ ಆ ಸಭೆಯಲ್ಲಿ ಹುಟ್ಟಿರಲಿಲ್ಲ.

'ಅಮೇಜಿಂಗ್ ಗ್ರೇಸ್' ಓಲ್ನಿಯಲ್ಲಿ 1773ರ ಜನವರಿ 1ರ ಆರಾಧನೆಗೆಂದು, ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದಲ್ಲಿರುವ ದಾವೀದನ ಪ್ರಾರ್ಥನೆಯನ್ನು ಆಧರಿಸಿ ಬರೆದ ಹಾಡು. ಆಗ ಬಿರುಗಾಳಿ ಕಳೆದು ಇಪ್ಪತ್ತೈದು ವರ್ಷವಾಗುತ್ತ ಬಂದಿತ್ತು. ಗುಲಾಮಗಿರಿಯ ವಿರುದ್ಧ ನ್ಯೂಟನ್ ಬಹಿರಂಗವಾಗಿ ಒಂದಕ್ಷರವನ್ನೂ ಬರೆದಿರಲಿಲ್ಲ. ಮರುವರ್ಷ, 1774ರಲ್ಲಿ, ಅವನಿಗೆ ಪರಿಚಿತನಾಗಿದ್ದ ಮೆಥಡಿಸ್ಟರ ನಾಯಕ ಜಾನ್ ವೆಸ್ಲಿ ಗುಲಾಮಗಿರಿಯನ್ನು ಖಂಡಿಸಿ ಪುಸ್ತಿಕೆ ಹೊರತಂದ. ಕ್ವೇಕರ್ ಪಂಥದ ಕ್ರೈಸ್ತರಂತೂ ಅದಕ್ಕೂ ಮೊದಲೇ ದನಿಯೆತ್ತಿದ್ದರು. ನ್ಯೂಟನ್ ಮೌನವಾಗಿಯೇ ಇದ್ದ.

ಕುತೂಹಲದ ಮಾತೆಂದರೆ, ಈ ನಿಧಾನವನ್ನು ಅರ್ಥಮಾಡಿಕೊಳ್ಳಲು ಬೇಕಾದ ಕೀಲಿಕೈ ಅವನ ಬಳಿಯೇ ಇತ್ತು. ಬಿರುಗಾಳಿಯ ದಿನವೇ ತಾನು ಪೂರ್ಣಾರ್ಥದ ವಿಶ್ವಾಸಿಯಾದೆನೆಂದು ಹೇಳಲಾರೆ, ಅದಕ್ಕೆ ಬಹಳ ಕಾಲ ಹಿಡಿಯಿತು ಎಂದು 1764ರ ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾನೆ. ಮುಂದೆ ಬರೆದ ಮೂರು ಪತ್ರಗಳಲ್ಲಿ ಕೃಪೆಯ ಬೆಳವಣಿಗೆಯನ್ನು ಮಾರ್ಕನ ಸುವಾರ್ತೆಯ ಪೈರಿಗೆ ಹೋಲಿಸಿದ್ದಾನೆ: ಮೊದಲು ಗರಿ, ಆಮೇಲೆ ತೆನೆ, ಕಡೆಗೆ ತುಂಬಿದ ಕಾಳು. ಒಕ್ಕಲುತನ ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿತ್ತಿದ ಮರುದಿನ ಕಣ ಮಾಡುವವರಿಲ್ಲ.

ಕಾಳು ಕಟ್ಟಿದ್ದು 1788ರಲ್ಲಿ. ಲಂಡನ್ನಿನ ಸೇಂಟ್ ಮೇರಿ ವುಲ್‌ನೋತ್‌ನ ಬೋಧಕನಾಗಿದ್ದ ನ್ಯೂಟನ್ನನ ಬಳಿಗೆ 1785ರ ಕೊನೆಯಲ್ಲಿ, ಮುಂದೆ ಸಂಸತ್ತಿನಲ್ಲಿ ಗುಲಾಮ ವ್ಯಾಪಾರದ ವಿರುದ್ಧ ಹೋರಾಡಿದ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಗುಟ್ಟಾಗಿ ಬಂದಿದ್ದ. ರಾಜಕೀಯ ಬಿಡಬೇಡ ಎಂದು ಮುದುಕ ಬುದ್ಧಿ ಹೇಳಿ ಕಳಿಸಿದ. 1787ರಲ್ಲಿ ಗುಲಾಮ ವ್ಯಾಪಾರದ ನಿರ್ಮೂಲನಕ್ಕೆಂದು ಲಂಡನ್ನಿನಲ್ಲಿ ಸಂಘ ಹುಟ್ಟಿತು. ಮರುವರ್ಷ ನ್ಯೂಟನ್ ಆಫ್ರಿಕಾದ ಗುಲಾಮ ವ್ಯಾಪಾರದ ಬಗ್ಗೆ ಪುಸ್ತಿಕೆ ಬರೆದ. ಹಡಗಿನ ಅಟ್ಟಗಳಲ್ಲಿ ಜನರನ್ನು ಕಪಾಟಿನ ಪುಸ್ತಕಗಳಂತೆ ಒತ್ತೊತ್ತಾಗಿ ಮಲಗಿಸುತ್ತಿದ್ದುದು, ಹೆಬ್ಬೆರಳ ತಿರುಪು, ಹೆಂಗಸರಿಗೆ ಆದದ್ದು, ಎಲ್ಲವೂ ಅದರಲ್ಲಿದೆ. ಇದು ತನ್ನ ಬಹಿರಂಗ ತಪ್ಪೊಪ್ಪಿಗೆ; ಎಷ್ಟೇ ಪ್ರಾಮಾಣಿಕವಾದರೂ ಆದ ಕೇಡನ್ನು ತಡೆಯಲಾಗಲಿ ತುಂಬಿಕೊಡಲಾಗಲಿ ಹೊತ್ತು ಮೀರಿದ್ದು ಎಂಬ ಮಾತು ಆರಂಭದಲ್ಲೇ ಬರುತ್ತದೆ. ಹಿಂದೊಮ್ಮೆ ಹುಡುಗರ ಬೆರಳು ಹಿಂಡಿಸಿ ಒಪ್ಪಿಗೆ ಪಡೆಯಹೊರಟವನು ಈಗ, ಮೂವತ್ತಾರು ವರ್ಷಗಳ ಬಳಿಕ, ಯಾರೂ ಹಿಂಡದೆ ತಾನೇ ಒಪ್ಪಿಕೊಂಡ. ಯಾರೂ ಹಿಂಡದೆ ಎಂದರೂ ಪೂರ್ತಿ ಸರಿಯಾಗಲಾರದು. ಕ್ವೇಕರರೂ ನಿರ್ಮೂಲನಕ್ಕೆ ಹೋರಾಡುತ್ತಿದ್ದ ಥಾಮಸ್ ಕ್ಲಾರ್ಕ್‌ಸನ್ನನಂಥವರೂ ಆ ಹೊತ್ತಿಗೆ ಇಡೀ ದೇಶದ ಮನಸ್ಸನ್ನು ಹಿಂಡತೊಡಗಿದ್ದರು. 1764ರ ತಪ್ಪೊಪ್ಪಿಗೆ ದೇವರೆದುರಿನದು, 1788ರದ್ದು ಮನುಷ್ಯರೆದುರಿನದು. ಎರಡನೆಯದಿಲ್ಲದ ಮೊದಲನೆಯದನ್ನು ಮಾನಸಾಂತರವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬ್ರಿಟಿಷ್ ಗುಲಾಮ ವ್ಯಾಪಾರವನ್ನು ನಿಷೇಧಿಸುವ ಕಾಯಿದೆಗೆ 1807ರ ಮಾರ್ಚ್ 25ರಂದು ಅಂಕಿತ ಬಿತ್ತು. ಕಣ್ಣು ಮಸುಕಾಗಿದ್ದ ನ್ಯೂಟನ್ ಅದೇ ವರ್ಷದ ಡಿಸೆಂಬರ್ 21ರಂದು ತೀರಿಕೊಂಡ. ನಮ್ಮ ಕಡೆಯೂ ಗುಲಾಮಗಿರಿ ಇತ್ತು: ಮಲಬಾರು, ಕೆನರಾ ಸೀಮೆಗಳಲ್ಲಿ ಆಳುಗಳನ್ನು ಮಾರುವ ಪದ್ಧತಿಯನ್ನೂ ದಾಖಲಿಸಿದ್ದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನ ಲಂಡನ್ನಿನಲ್ಲಿ ಅಚ್ಚಾದದ್ದೂ ಅದೇ ವರ್ಷ. 1833ರ ಗುಲಾಮಗಿರಿ ನಿರ್ಮೂಲನ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳನ್ನು ಹೊರಗಿಟ್ಟಿತು. ಇಲ್ಲಿಗೆ, ಭಾರತಕ್ಕೆ, ಅಂಥ ಕಾನೂನು ಬಂದದ್ದು 1843ರಲ್ಲಿ.