ಪಾಣಿನಿಯ ಮಂಟಪ, ಹೊಸಬರ ಎಡಿಟರ್

ಚೆನ್ನೈನ ಉತ್ತರ ತುದಿಯ ತಿರುವೊಟ್ಟಿಯೂರು ಕಾರ್ಖಾನೆಗಳ ಊರು. ಎಂಆರ್‌ಎಫ್ ಕಂಪನಿ 1946ರಲ್ಲಿ ಬಲೂನು ತಯಾರಿಸುತ್ತ ಶುರುವಾದದ್ದು ಇಲ್ಲಿಯ ಒಂದು ಶೆಡ್ಡಿನಲ್ಲಿ. 1955ರ ಹೊತ್ತಿಗೆ ಎನ್‌ಫೀಲ್ಡ್ ಬೈಕುಗಳ ಕಾರ್ಖಾನೆ ಬಂತು. 2021ರಲ್ಲಿ ಮೆಟ್ರೊ ರೈಲು ಬಂದು ನಿಂತ ವಿಮ್ಕೊ ನಗರದ ಹೆಸರೇ ಒಂದು ಬೆಂಕಿಕಡ್ಡಿ ಕಾರ್ಖಾನೆಯದು.

ಇದೇ ಊರಿನ ತ್ಯಾಗರಾಜಸ್ವಾಮಿ ದೇವಸ್ಥಾನದ ಶಾಸನವೊಂದು ಬೇರೆಯದೇ ಬಗೆಯ ಕಲಿಕೆಯ ಸುದ್ದಿ ಹೇಳುತ್ತದೆ. ಚೋಳರ ಮೂರನೆಯ ಕುಲೋತ್ತುಂಗನ ಕಾಲದ, 1213ರ ಶಾಸನ ಅದು. ದೇವಸ್ಥಾನದಲ್ಲಿ ವ್ಯಾಕರಣದಾನ ವ್ಯಾಖ್ಯಾನ ಮಂಟಪ ಎಂಬ ಜಾಗವಿತ್ತು. ಅಲ್ಲಿ ಪಾಣಿನಿಯ ವ್ಯಾಕರಣದ ಪಾಠ ನಡೆಯುತ್ತಿತ್ತು. ಶಿವನು ಹದಿನಾಲ್ಕು ದಿನ ಪಾಣಿನಿಗೆ ಕಾಣಿಸಿಕೊಂಡು ಮೊದಲ ಹದಿನಾಲ್ಕು ಸೂತ್ರಗಳನ್ನು ಕಲಿಸಿದ ಎಂಬ ಐತಿಹ್ಯವೂ ಈ ಜಾಗಕ್ಕೆ ಅಂಟಿಕೊಂಡಿದೆ. ಶಾಸನ ದಾಖಲಿಸುವುದು 65 ವೇಲಿ ಭೂಮಿಯ ದತ್ತಿಯನ್ನು. ಆ ದತ್ತಿ ಕಲಿಸುವವರಿಗೆ ಮತ್ತು ಕಲಿಯುವವರಿಗೆ ಮಾತ್ರ ಮೀಸಲಾಗಿರಲಿಲ್ಲ. ಮಂಟಪದ ರಿಪೇರಿಗೂ ಅದರಲ್ಲಿ ಪಾಲಿತ್ತು. ಪಾಠದ ಖರ್ಚಿನ ಲೆಕ್ಕದಲ್ಲಿ ಪಾಠ ನಡೆಯುವ ಜಾಗವೂ ಸೇರಿತ್ತು.

ಎಂಟು ಶತಮಾನದ ಹಿಂದಿನ ಈ ಲೆಕ್ಕ ಇಂದು ವೆಬ್ ಪುಟ ಬರೆಯಲು ಕಲಿಯುವವರ ವಿಷಯದಲ್ಲಿ ನೆನಪಾಗಲು ಕಾರಣವಿದೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕಲಿಸುವ ಪಾಠಗಳಿಗೆ ಬರವಿಲ್ಲ. ಆದರೆ ಅವನ್ನು ಬರೆಯುವ ಜಾಗದ ಬಗ್ಗೆ, ಅಂದರೆ ಎಡಿಟರ್, ಫೋಲ್ಡರ್, ಟರ್ಮಿನಲ್, ಬ್ರೌಸರ್ ಎಲ್ಲ ಸೇರಿದ ಕೆಲಸದ ವಾತಾವರಣದ ಬಗ್ಗೆ, ಹೆಚ್ಚಿನ ಪಾಠಗಳು ಎರಡೇ ಮಾತಿನಲ್ಲಿ ಮುಗಿಸುತ್ತವೆ: "ಇದನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ." ಹೊಸಬರು ಮೊದಲು ಮುಗ್ಗರಿಸುವುದು ಅಲ್ಲಿಯೇ.

ಪಾಣಿನಿಗೂ ಕಂಪ್ಯೂಟರಿಗೂ ನಂಟು ಹಚ್ಚುವುದು ಈಗ ಸವಕಲಾದ ಮಾತು. ಆದರೂ ಅದರಲ್ಲಿ ಗಟ್ಟಿಯಾದ ಒಂದಂಶವಿದೆ. ಆಲ್ಗಾಲ್ ಭಾಷೆಯ ವ್ಯಾಕರಣವನ್ನು ಬರೆದಿಡಲು ಜಾನ್ ಬ್ಯಾಕಸ್ 1959ರಲ್ಲಿ ಒಂದು ಸಂಕೇತ ಪದ್ಧತಿಯನ್ನು ಮುಂದಿಟ್ಟ. ಅದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕು ಎಂದು ಪೀಟರ್ ಇಂಗರ್‌ಮನ್ 1967ರಲ್ಲಿ ಸೂಚಿಸಿದ. ಪಾಣಿನಿಯ ಸುಮಾರು 4000 ಸೂತ್ರಗಳಲ್ಲಿ ಸ್ವರಗಳಿಗೆಲ್ಲ ಸೇರಿ 'ಅಚ್' ಎಂಬ ಒಂದೇ ಹೆಸರು, ವ್ಯಂಜನಗಳಿಗೆ 'ಹಲ್'. ಒಂದು ಸೂತ್ರದ ಪದ ಮುಂದಿನ ಸೂತ್ರಗಳಿಗೂ ಹರಿದು ಬರುತ್ತದೆ. ಎರಡು ಸೂತ್ರಗಳು ಎದುರುಬದುರಾದಾಗ ನಂತರದ್ದೇ ಗೆಲ್ಲುತ್ತದೆ ಎಂದು ಸಾಂಪ್ರದಾಯಿಕ ವ್ಯಾಖ್ಯಾನ. ಸಿಎಸ್‌ಎಸ್‌ನಲ್ಲಿಯೂ ತೂಕ ಸಮನಾಗಿದ್ದರೆ ನಂತರ ಬರೆದ ನಿಯಮವೇ ಗೆಲ್ಲುವುದು. ವೆಬ್ ಕಟ್ಟಿದವರು ಪಾಣಿನಿಯನ್ನು ಓದಿ ಕಟ್ಟಿದರೆಂದು ಇದರ ಅರ್ಥವಲ್ಲ. ನಿಯಮಗಳ ದೊಡ್ಡ ರಾಶಿಯನ್ನು ಅಂಕೆಯಲ್ಲಿಡಲು ಹೊರಟವರು ಒಂದೇ ಬಗೆಯ ಉಪಾಯಗಳಿಗೆ ಬಂದು ತಲುಪುತ್ತಾರೆ, ಅಷ್ಟೆ.

ಇಂಥ ನಿಯಮಗಳನ್ನು ಬಾಯಿಪಾಠದಲ್ಲಿ ಕಲಿಯುವವನಿಗೆ ಒಂದು ಅನುಕೂಲವಿತ್ತು. ತಪ್ಪಾಗಿ ಹೇಳಿದ ಕ್ಷಣವೇ ಎದುರಿಗೆ ಕುಳಿತ ಗುರು ತಿದ್ದುತ್ತಿದ್ದ. ತಪ್ಪಿಗೂ ತಿದ್ದುವಿಕೆಗೂ ನಡುವೆ ಉಸಿರೆಳೆಯುವಷ್ಟೇ ಅಂತರ. ಪ್ರೋಗ್ರಾಮಿಂಗ್ ಕಲಿಕೆಯ ಚರಿತ್ರೆಯನ್ನು ಈ ಅಂತರದ ಚರಿತ್ರೆಯಾಗಿಯೇ ಓದಬಹುದು.

1973ರಲ್ಲಿ ಮದ್ರಾಸ್ ಐಐಟಿಗೆ ಐಬಿಎಂ 370 ಕಂಪ್ಯೂಟರ್ ಬಂದಾಗ ಕೋಡ್ ಬರೆಯುವುದೆಂದರೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುವುದಾಗಿತ್ತು. ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಸರದಿ ಬರುವವರೆಗೆ ಕಾದು, ಮುದ್ರಿತ ಹಾಳೆಯಲ್ಲಿ ಫಲಿತಾಂಶ ನೋಡಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೆ ಅದೇ ಸರದಿ. ಪರದೆಯ ಮೇಲೆಯೇ ತಿದ್ದುವ ಎಡಿಟರುಗಳು ಬಂದದ್ದು ಈ ಅಂತರವನ್ನು ಕುಗ್ಗಿಸಲು. 1976ರ ಸುಮಾರಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ವಿಐ ಬರೆದ. ನಿಧಾನವಾದ ಮೋಡೆಮ್ ಮೂಲಕ ಕೆಲಸ ಮಾಡಬೇಕಿದ್ದರಿಂದ ಅದರ ಆಜ್ಞೆಗಳು ಒಂದೊಂದೇ ಅಕ್ಷರದವು. ಅವನ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲಿದ್ದವು. ಇಂದಿಗೂ ವಿಐ ಕಲಿಯುವವರು ಆ ನಾಲ್ಕು ಕೀಲಿಗಳಿಂದಲೇ ಓಡಾಡುತ್ತಾರೆ. ಅದರ ಹಿಂದಿನ ಕಾರಣ ಗೊತ್ತಿಲ್ಲದವರಿಗೆ ಅದು ಮಂತ್ರ, ಗೊತ್ತಿದ್ದವರಿಗೆ ಬರೀ ಒಂದು ಹಳೆಯ ಯಂತ್ರದ ನೆನಪು.

ಭಾರತದ ಕಾಲೇಜುಗಳಲ್ಲಿ ಈ ಅಂತರವನ್ನು ನಿಜಕ್ಕೂ ಕಡಿಮೆ ಮಾಡಿದ್ದು ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ತಂದ ಟರ್ಬೊ ಸಿ. ಬರೆಯುವುದು, ಕಂಪೈಲ್ ಮಾಡುವುದು, ತಪ್ಪು ನೋಡುವುದು ಎಲ್ಲವೂ ಒಂದೇ ನೀಲಿ ಪರದೆಯಲ್ಲಿ. ಆದರೆ ಒಳ್ಳೆಯ ಉಪಕರಣವೂ ಹಳತಾಗುತ್ತದೆ. 64 ಬಿಟ್ ವಿಂಡೋಸ್ ಬಂದ ಮೇಲೆ ಡಾಸ್ ಕಾಲದ ಆ ತಂತ್ರಾಂಶ ನೇರವಾಗಿ ಓಡುವುದೇ ನಿಂತಿತು. ಹಾಗಿದ್ದರೂ ಎಷ್ಟೋ ಲ್ಯಾಬುಗಳಲ್ಲಿ ಡಾಸ್‌ಬಾಕ್ಸ್ ಒಳಗೆ ಅದನ್ನು ಬದುಕಿಸಿಕೊಂಡು ಬಂದರು. ಮಂಟಪದ ರಿಪೇರಿಗೆ ಹಣ ತೆಗೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ವೆಬ್‌ನ ದಾರಿ ಬೇರೆ. 1990ರಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ ಮೊದಲ ಬ್ರೌಸರ್ ಎಡಿಟರ್ ಕೂಡ ಆಗಿತ್ತು. ಓದುವ ಪುಟದಲ್ಲೇ ಬರೆಯಬಹುದಿತ್ತು. 1993ರಲ್ಲಿ ಜನಪ್ರಿಯವಾದ ಮೊಸಾಯಿಕ್‌ನಲ್ಲಿ ಓದುವುದಷ್ಟೇ ಉಳಿಯಿತು. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಬರೆಯುವ ಜಾಗ ಓದುವ ಜಾಗದಿಂದ ಬೇರೆಯಾಗಿಬಿಟ್ಟಿತ್ತು. ಕಲಿಯುವವರು ಬ್ರೌಸರಿನಲ್ಲಿ ಪುಟದ ಮೂಲವನ್ನು ತೆರೆದು ನೋಡಿ, ನೋಟ್‌ಪ್ಯಾಡಿನಲ್ಲಿ ನಕಲು ಮಾಡಿ, ಉಳಿಸಿ, ಮತ್ತೆ ಬ್ರೌಸರಿಗೆ ಹೋಗಿ ರಿಫ್ರೆಶ್ ಒತ್ತುತ್ತಿದ್ದರು. ಗುರುವಿಲ್ಲದ ಈ ಓಡಾಟದಲ್ಲೇ ಒಂದು ತಲೆಮಾರು ಕಲಿತಿತು.

ಕನ್ನಡದಲ್ಲಿ ಬರೆಯಹೊರಟವರಿಗೆ ಇನ್ನೂ ಒಂದು ಹೊಂಡವಿತ್ತು. ನುಡಿ, ಬರಹ ಕಾಲದ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನು ಜೊತೆಗೇ ತಂದಿತು. ಆದರೂ ನೋಟ್‌ಪ್ಯಾಡ್ ಹೊಸ ಕಡತಗಳನ್ನು ತಾನಾಗಿ ಯುಟಿಎಫ್-8 ರೂಪದಲ್ಲಿ ಉಳಿಸತೊಡಗಿದ್ದು 2019ರಲ್ಲಿ. ಅದಕ್ಕೆ ಮುಂಚೆ ಎನ್‌ಕೋಡಿಂಗ್ ಬದಲಿಸದೆ, ಎಚ್ಚರಿಕೆಯನ್ನೂ ಓದದೆ ಉಳಿಸಿದವರ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿತ್ತು. ತಪ್ಪು ಬರೆದದ್ದರಲ್ಲಿ ಇರಲಿಲ್ಲ, ಬರೆದ ಜಾಗದಲ್ಲಿತ್ತು. ಅದನ್ನು ಹೇಳಿಕೊಟ್ಟವರು ಕಡಿಮೆ.

ಈಗ ಹೊಸಬರ ಕೈಗೆ ಮೊದಲು ಸಿಗುವುದು ಹೆಚ್ಚಾಗಿ ವಿಎಸ್ ಕೋಡ್. 2015ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಇದನ್ನು ಹೊರತಂದಾಗ ತಂಡದ ಮುಂದಾಳಾಗಿದ್ದ ಎರಿಕ್ ಗಾಮಾ ಅದಕ್ಕೆ ಮುಂಚೆ ಎಕ್ಲಿಪ್ಸ್ ಕಟ್ಟಿದವರಲ್ಲಿಯೂ ಒಬ್ಬ. ತಪ್ಪು ಬರೆದ ಕೂಡಲೇ ಕೆಳಗೆ ಕೆಂಪು ಗೆರೆ ಮೂಡುತ್ತದೆ, ಅರ್ಧ ಪದ ಬರೆದರೆ ಉಳಿದರ್ಧವನ್ನು ಅದೇ ಸೂಚಿಸುತ್ತದೆ. ಅಂತರ ಮತ್ತೆ ಉಸಿರೆಳೆಯುವಷ್ಟಕ್ಕೆ ಬಂದಿದೆ. ಆದರೆ ಬದಿಯ ಪಟ್ಟಿ, ಎಕ್ಸ್‌ಟೆನ್ಶನ್, ಟರ್ಮಿನಲ್, ಸೆಟ್ಟಿಂಗ್ಸ್ ಎಲ್ಲವೂ ಒಮ್ಮೆಗೇ ಕಣ್ಣಿಗೆ ಬೀಳುತ್ತವೆ.

ಹಾಗಾಗಿ ಮೊದಲು ನೋಟ್‌ಪ್ಯಾಡಿನಲ್ಲೇ ಕಲಿಯಲಿ ಎನ್ನುವವರಿದ್ದಾರೆ. ಕೈಯಿಂದ ಬರೆದರೆ ನೆನಪಿನಲ್ಲಿ ಉಳಿಯುತ್ತದೆ ಎಂಬ ಅವರ ವಾದ ಹುಸಿಯಲ್ಲ. ಆದರೆ ನೋಟ್‌ಪ್ಯಾಡ್ ಕಡತದ ಹೆಸರಿನ ಹಿಂದೆ ತಾನೇ ಟಿಎಕ್ಸ್‌ಟಿ ಸೇರಿಸುತ್ತದೆ, ವಿಂಡೋಸ್ ಆ ಬಾಲವನ್ನು ಮುಚ್ಚಿಡುತ್ತದೆ. ಹುಡುಗಿ ಎಲ್ಲವನ್ನೂ ಸರಿಯಾಗಿ ಬರೆದಿದ್ದರೂ ಪುಟ ತೆರೆಯುವುದಿಲ್ಲ. ಇನ್ನು ಕೆಲವರು ಬ್ರೌಸರಿನೊಳಗೇ ಕೋಡ್ ಬರೆಯಿಸುವ ಕಲಿಕಾ ತಾಣಗಳನ್ನು ಮೆಚ್ಚುತ್ತಾರೆ. ಅಲ್ಲಿ ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಆದರೆ ಅದರಿಂದ ಹೊರಬಂದ ದಿನ ಕಡತ ಎಲ್ಲಿರಬೇಕು, ಹೇಗೆ ಓಡಿಸಬೇಕು ಎಂಬುದೇ ತಿಳಿದಿರುವುದಿಲ್ಲ. 2021ರಲ್ಲಿ ಕೋಪೈಲಟ್ ಬಂದ ಮೇಲೆ ಕೋಡನ್ನೇ ಯಂತ್ರ ಬರೆದುಕೊಡುತ್ತದೆ. ಆದರೆ ಅದು ಓಡದಿದ್ದರೆ ಎಲ್ಲಿ ಹುಡುಕಬೇಕೆಂದು ಗೊತ್ತಿರಬೇಕಾದದ್ದು ಬರೆಯುವವರಿಗೇ.

ಇದರ ಬೆಲೆ ತೆರುವವರು ಯಾರು ಎಂಬುದು ಮುಖ್ಯ. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಅಣ್ಣನೋ ಅಕ್ಕನೋ ಇರುವವರು ಕೇಳಿಕೊಂಡು ಮುಂದೆ ಹೋಗುತ್ತಾರೆ. ಮನೆಯಲ್ಲೇ ಮೊದಲ ಬಾರಿ ಕಂಪ್ಯೂಟರ್ ಮುಟ್ಟಿದವರು, ಇಂಗ್ಲಿಷಿನ ಎರರ್ ಸಂದೇಶ ಓದಲು ತಡವರಿಸುವವರು, ಮೊದಲ ವಾರದಲ್ಲೇ "ಇದು ನನ್ನ ತಲೆಗೆ ಹತ್ತುವುದಲ್ಲ" ಎಂದುಕೊಳ್ಳುತ್ತಾರೆ. ಅವರಿಗೆ ತಲೆಗೆ ಹತ್ತದ್ದು ಜಾವಾಸ್ಕ್ರಿಪ್ಟ್ ಅಲ್ಲ. ಅದರ ಮೊದಲ ಸಾಲನ್ನೂ ಅವರು ಇನ್ನೂ ಬರೆದಿರುವುದಿಲ್ಲ.

ತಿರುವೊಟ್ಟಿಯೂರಿನ ಕಾರ್ಖಾನೆಗಳಂಥ ಕಡೆ ಕೆಲಸ ಕಲಿಯಲು ಬಂದವರಿಗೆ ಮೊದಲು ಕೆಲಸದ ಮೇಜು, ಅರ, ಅಳತೆಯ ಉಪಕರಣಗಳ ಪರಿಚಯ ಮಾಡಿಸುತ್ತಾರೆ. ವೆಬ್ ಕಲಿಸುವ ಮೊದಲ ದಿನವೂ ಹಾಗೆಯೇ ಇರಬಹುದು. ಒಂದು ಫೋಲ್ಡರ್ ಮಾಡುವುದು. ಕಡತದ ಹೆಸರಿನ ಬಾಲ ಕಾಣುವಂತೆ ಮಾಡಿಕೊಳ್ಳುವುದು. ಎಡಿಟರಿನಲ್ಲಿ ಫೋಲ್ಡರನ್ನೇ ತೆರೆದು, ಕನ್ನಡದಲ್ಲಿ ಒಂದು ಸಾಲು ಬರೆದು, ಬ್ರೌಸರಿನಲ್ಲಿ ನೋಡುವುದು. ಆಮೇಲೆ ಬೇಕೆಂದೇ ಒಂದು ತಪ್ಪು ಮಾಡಿ, ಎಡಿಟರ್ ಏನು ತೋರಿಸುತ್ತದೆ, ಬ್ರೌಸರ್ ಏನು ತೋರಿಸುತ್ತದೆ ಎಂದು ನೋಡಿ ತಿದ್ದುವುದು. ಭಾಷೆಯ ಪಾಠ ಎರಡನೆಯ ದಿನ ಶುರುವಾದರೆ ಏನೂ ನಷ್ಟವಿಲ್ಲ. 65 ವೇಲಿ ಕೊಟ್ಟವರು ಮಂಟಪದ ರಿಪೇರಿಗೂ ಒಂದು ಪಾಲು ಎತ್ತಿಟ್ಟಿದ್ದರು. ಇಲ್ಲಿ ಎತ್ತಿಡಬೇಕಾದದ್ದು ಒಂದು ದಿನ ಮಾತ್ರ.