ಮಕ್ಕಳ ಕಿವಿಸೋರಿಕೆ

ಮಧ್ಯಕರ್ಣದ ಉರಿಯೂತದಿಂದ ಕರ್ಣಪಟಲವು ರಂಧ್ರಗೊಂಡು, ಆ ಮೂಲಕ ಕೀವಾಗಲಿ ಲೋಳೆಯಾಗಲಿ ಹೊರಗೆ ಹರಿಯುವ ವ್ಯಾಧಿ. ಇದರ ಮೂಲವಾದ ಉರಿಯೂತವು ಆರು ತಿಂಗಳಿಂದ ಎರಡು ವರ್ಷದವರೆಗಿನ ಶಿಶುಗಳಲ್ಲಿ ಅತಿಸಾಮಾನ್ಯ. ಕಿವಿಯಲ್ಲಿ ಪ್ರಕಟವಾಗುವುದರಿಂದ ಜನರು ಇದನ್ನು ಕಿವಿಯ ರೋಗವೆಂದೇ ಬಗೆದು ಕಿವಿಗೇ ಮದ್ದು ಹುಡುಕುವರಾದರೂ, ಬಹುಮಟ್ಟಿಗೆ ಇದು ಮೂಗಿನಲ್ಲಿ ಹುಟ್ಟಿ ಕಿವಿಯಲ್ಲಿ ಬೆಳೆಯುವ ರೋಗವೆಂಬುದನ್ನು ಮೊದಲೇ ಹೇಳಬೇಕು.

ಮಧ್ಯಕರ್ಣವು ಕರ್ಣಪಟಲದ ಒಳಬದಿಗಿರುವ, ಗಾಳಿ ತುಂಬಿದ ಪುಟ್ಟ ಕೋಣೆ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟೇ ದಪ್ಪವಾದ ಆ ಪಟಲದ ಕಂಪನವನ್ನು ಸುತ್ತಿಗೆ, ಅಡಿಗಲ್ಲು, ರಿಕಾಪುಗಳೆಂಬ ಮೂರು ಕಿರುಮೂಳೆಗಳು ಅಲ್ಲಿಂದ ಒಳಗಿವಿಗೆ ಸಾಗಿಸುತ್ತವೆ. ಕೋಣೆಯ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸರಿದೂಗಿಸಲೋಸುಗ ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳವುಂಟು. ಹದಿನಾರನೆಯ ಶತಮಾನದ ಇಟಲಿಯ ಅಂಗರಚನಾಶಾಸ್ತ್ರಜ್ಞ ಬಾರ್ತೊಲೊಮಿಯೊ ಯೂಸ್ಟಾಕಿಯ ಹೆಸರಿನಿಂದ ಇದನ್ನು ಯೂಸ್ಟೇಶಿಯನ್ ನಾಳವೆನ್ನುವರು. ವಯಸ್ಕರಲ್ಲಿ ಸುಮಾರು 36 ಮಿ.ಮೀ. ಉದ್ದವಿದ್ದು ಸುಮಾರು 45 ಡಿಗ್ರಿಯಷ್ಟು ಇಳಿಜಾರಾಗಿರುವ ಈ ನಾಳವು ಹಸುಗೂಸಿನಲ್ಲಿ ಅದರ ಅರ್ಧದಷ್ಟೇ ಉದ್ದವಾಗಿ, ಹೆಚ್ಚುಕಡಿಮೆ ಸಮತಲವಾಗಿ, ಅಗುಳಿಯಿಲ್ಲದ ಹಿತ್ತಿಲ ಬಾಗಿಲಿನಂತಿರುತ್ತದೆ. ನೆಗಡಿಯಾದಾಗ ಅದರ ಬಾಯಿ ಊದಿಕೊಂಡು ಮುಚ್ಚಿ, ಮೂಗಿನಲ್ಲಿ ನೆಲೆಸಿದ್ದ ನ್ಯೂಮೊಕಾಕಸ್, ಹೀಮೊಫಿಲಸ್ ಮೊದಲಾದ ರೋಗಾಣುಗಳು ಕೋಣೆಯನ್ನು ಹೊಕ್ಕು ಅಲ್ಲಿ ಕೀವುಗಟ್ಟಿಸುತ್ತವೆ. ಸೀಸೆಯ ಹಾಲನ್ನು ಅಂಗಾತ ಮಲಗಿಸಿ ಕುಡಿಸುವುದೂ, ಸೌದೆ ಒಲೆಯ ಹಾಗೂ ಬೀಡಿಯ ಹೊಗೆಯೂ ಇದಕ್ಕೆ ಒತ್ತಾಸೆಯಾಗುತ್ತವೆ. ಮೂಗಿನ ಹಿಂದೆ ಬೆಳೆಯುವ ಅಡೆನಾಯ್ಡ್ ಗಂಟಿಗೂ ಕಿವಿ ಮಂದವಾಗುವುದಕ್ಕೂ ಇರುವ ನಂಟನ್ನು 1868ರಲ್ಲಿ ಪ್ರಚುರಪಡಿಸಿದವನು ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್.

ರೋಗದ ನಡೆಯನ್ನು ತಾಯಂದಿರು ಚೆನ್ನಾಗಿ ಬಲ್ಲರು. ಎರಡು ದಿನ ಸಿಂಬಳ ಸುರಿಸಿದ ಮಗು ಮೂರನೆಯ ರಾತ್ರಿ ಜ್ವರದಿಂದ ಕಾದು, ಮಲಗಿಸಿದೊಡನೆ ಚೀರಿ, ಮೊಲೆಯನ್ನು ಬಾಯಿಗೆ ತೆಗೆದುಕೊಂಡು ಬಿಟ್ಟು, ಕಿವಿಯನ್ನು ಹಿಡಿದೆಳೆದುಕೊಳ್ಳುತ್ತದೆ. ಬೆಳಗಿನ ಜಾವದಲ್ಲಿ ಪಟಲವು ಒಡೆದು ದಿಂಬಿನ ಮೇಲೆ ಹಳದಿ ಕಲೆ ಬೀಳುತ್ತಲೇ ನೋವು ಇಳಿದು ಮಗು ನಿದ್ರಿಸುತ್ತದೆ. ಮನೆಯವರೂ ಗುಣವಾಯಿತೆಂದು ನಿಟ್ಟುಸಿರು ಬಿಡುತ್ತಾರೆ. ಬಹಳ ಮಕ್ಕಳಲ್ಲಿ ಆ ರಂಧ್ರವು ತಾನಾಗಿ ಕೂಡಿಕೊಳ್ಳುವುದೂ ನಿಜವೇ. ಆದರೆ ಎರಡು ವಾರ ಕಳೆದರೂ ಸೋರುವ ಕಿವಿಯನ್ನು ದೀರ್ಘಕಾಲಿಕವೆಂದು ಗಣಿಸಬೇಕು. ಸ್ರಾವವು ದುರ್ನಾತ ಬೀರುತ್ತಿದ್ದರೆ, ಮೂಳೆಯನ್ನು ಕೊರೆಯುವ ಕೊಲೆಸ್ಟಿಯಟೋಮ ಎಂಬ ಚರ್ಮದ ಗಂಟು ಒಳಗೆ ಬೆಳೆದಿರಬಹುದು. ಕಿವಿಯ ಹಿಂದಿನ ಮೂಳೆ ಊದಿ ಕಿವಿ ಮುಂದಕ್ಕೆ ಬಾಗಿದ್ದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಕೀವಿಲ್ಲದೆ ಅಂಟುದ್ರವ ಮಾತ್ರ ನಿಂತ ಕಿವಿ ಮತ್ತೊಂದು ಬಗೆಯದು. ಅಲ್ಲಿ ನೋವೂ ಇಲ್ಲ, ಸೋರಿಕೆಯೂ ಇಲ್ಲ. ಮಗುವಿಗೆ ಕೇಳುವುದು ಕಡಮೆಯಾಗುತ್ತದೆ, ಅಷ್ಟೇ. ಕರೆದರೆ ತಿರುಗದ ಹುಡುಗನಿಗೆ ಮೊಂಡನೆಂಬ ಬಿರುದು ಕಟ್ಟಿ ಹಿಂದಿನ ಬೆಂಚಿಗೆ ಅಟ್ಟುವ ಮೊದಲು ಶ್ರವಣಪರೀಕ್ಷೆ ಮಾಡಿಸುವುದು ಲೇಸು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆಯ ಏರ್ಪಾಡಿದೆ. ದ್ರವವು ತಿಂಗಳುಗಟ್ಟಲೆ ಇಂಗದಿದ್ದರೆ ಪಟಲದಲ್ಲಿ ಗ್ರಾಮೆಟ್ ಎಂಬ ಕಿರುಕೊಳವೆಯನ್ನಿಟ್ಟು ಗಾಳಿಗೆ ದಾರಿಮಾಡುವರು.

ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವ ಅಜ್ಜಿಯರ ವಾತ್ಸಲ್ಯವನ್ನು ಸಂಶಯಿಸಬೇಕಾಗಿಲ್ಲ. ಆದರೆ ಒಡೆದ ಪಟಲದ ಮೂಲಕ ಆ ಎಣ್ಣೆ ನೇರವಾಗಿ ಮಧ್ಯಕರ್ಣಕ್ಕೇ ಇಳಿಯುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಅಗತ್ಯವಿದ್ದಲ್ಲಿ ಅಮಾಕ್ಸಿಸಿಲಿನ್, ಇವುಗಳ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಮನೆಯಲ್ಲಿ ಮಾಡತಕ್ಕದ್ದು ಕಿವಿಯನ್ನು ಒಣಗಿಸುವ ಕೆಲಸ: ಒಗೆದು ಒಣಗಿಸಿದ ಮೆತುವಾದ ಹತ್ತಿಬಟ್ಟೆಯ ಚೂರನ್ನು ಬತ್ತಿಯಂತೆ ಹೊಸೆದು, ಮೆಲ್ಲನೆ ಕಿವಿಯಲ್ಲಿಟ್ಟು, ಅದು ನೆನೆದೊಡನೆ ತೆಗೆದು ಹೊಸದನ್ನಿಡುತ್ತ, ಬತ್ತಿ ಒಣಗಿದಂತೆಯೇ ಹೊರಬರುವವರೆಗೆ ದಿನಕ್ಕೆ ಮೂರು ಬಾರಿಯಾದರೂ ಹೀಗೆ ಮಾಡಬೇಕು. ಬೆಂಕಿಕಡ್ಡಿ, ಹೇರ್‌ಪಿನ್ನುಗಳು ವರ್ಜ್ಯ. ಸ್ನಾನದ ವೇಳೆ ವ್ಯಾಸಲೀನ್ ಸವರಿದ ಹತ್ತಿಯಿಂದ ಕಿವಿಯ ಬಾಯನ್ನು ಮುಚ್ಚಿ, ಮೈ ಒರಸಿದ ಕೂಡಲೆ ಅದನ್ನು ತೆಗೆದುಬಿಡಬೇಕು. ಪಟಲವು ಕೂಡಿತೆಂದು ವೈದ್ಯರು ನೋಡಿ ಹೇಳುವ ತನಕ ಕೆರೆ ಬಾವಿಗಳ ಈಜು ಬೇಡ.